ಗಾಜಿನ ಮೇಲೆ ಎದ್ದ ಗುಡ್ಡ

ನನ್ನ ಮದುವೆಯಾದ ಮರುವರ್ಷ, ೧೯೭೪ರ ಬೇಸಿಗೆ. ಸಂಪಗಾಂವದಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇತ್ತು. ಸಾಲಿ ನಾಲ್ಕನೇ ಇಯತ್ತೆಗೇ ಬಿಟ್ಟವನು ನಾನು. ಆದರೆ ಎಣ್ಣೆ ಎಂಜಿನ್ ಬಿಚ್ಚಿ ಜೋಡಿಸಲು ಒಂದು ದಿನವೂ ಮತ್ತೊಬ್ಬರನ್ನು ಕರೆದವನಲ್ಲ. ಹೆಂಡತಿ ನೀಲವ್ವ ಜೋಳ ಸುರಿಯುತ್ತಿದ್ದಳು, ನಾನು ಹಿಟ್ಟನ್ನು ಹೆಬ್ಬೆಟ್ಟಿನಲ್ಲಿ ತಿಕ್ಕಿ ನೋಡುತ್ತಿದ್ದೆ. ಹಿಟ್ಟು ಸಣ್ಣಗೆ ಬಂದಿದೆ ಎಂದು ನನ್ನ ಹೆಬ್ಬೆಟ್ಟು ಹೇಳಿತೆಂದರೆ ಊರಿನಲ್ಲಿ ಯಾರದೂ ತಕರಾರಿಲ್ಲ.

ಗೋಡೆಯಾಚೆಯ ಮನೆಯಲ್ಲಿ ಹೈಸ್ಕೂಲಿನ ವಾಮನಾಚಾರ್ ಮಾಸ್ತರರು ಬಾಡಿಗೆಗಿದ್ದರು. ಅವರ ಅಜ್ಜ ಪಂಚಾಂಗ ಗುಣಿಸುತ್ತಿದ್ದರಂತೆ. ಮೊಮ್ಮಗನಿಗೆ ಗ್ರಹಗಳನ್ನು ಕಣ್ಣಾರೆ ನೋಡುವ ಹಟ. ದುರ್ಬೀನಿಗೆ ತಾವೇ ಕನ್ನಡಿ ಮಾಡಲು ಕುಳಿತು, ದಪ್ಪ ಗಾಜಿನ ಬಿಲ್ಲೆಯೊಂದನ್ನು ಎರಡು ವರ್ಷದಿಂದ ಕೈಯಿಂದಲೇ ತಿಕ್ಕುತ್ತಿದ್ದರು.

ಒಂದು ಮಧ್ಯಾಹ್ನ ಅವರು ಗಿರಣಿ ಬಾಗಿಲಿಗೆ ಬಂದು ನಿಂತರು.

"ಪರಪ್ಪನವರ, ಎಂಜಿನ್ ಒಂಚೂರು ನಿಂದರಸ್ರಿ. ಕನ್ನಡಿ ಪರೀಕ್ಷಾ ಮಾಡಬೇಕು. ನಾಳೆ ವರ್ಗ ಆಗಿ ರಾಮದುರ್ಗಕ್ಕ ಹೊಂಟೇನಿ. ಅಲ್ಲೆ ಇಂಥಾ ಉದ್ದನ್ನ ಕತ್ತಲಿ ಖೋಲಿ ಎಲ್ಲಿ ಸಿಗ್ತದ?"

"ಮಂದಿ ಪಾಳೆ ಹಚ್ಯಾರ್ರಿ ಮಾಸ್ತರ. ಗಿರಣಿ ಅಂದ್ರ ನಿಮ್ಮ ಸಾಲಿ ಗಂಟಿ ಏನ್ರಿ, ಬೇಕಾದಾಗ ನಿಂದರಸಾಕ?"

"ನಿಮ್ಮ ಎಂಜಿನ್ನಿಗೆ ನನ್ನ ಕನ್ನಡಿ ನಡಗ್ತದರೀ."

ನನಗೆ ನಗು ಬಂತು, ಸಿಟ್ಟೂ ಬಂತು. ನಡುವೆ ಮೊಳ ದಪ್ಪದ ಮಣ್ಣಿನ ಗೋಡೆ ಇದೆ. "ನಡೀರಿ, ತೋರಸ್ರಿ" ಎಂದು ಗಿರಣಿಯನ್ನು ನೀಲವ್ವನಿಗೆ ಬಿಟ್ಟು ಹೊರಟೆ.

ಕತ್ತಲೆ ಕೋಣೆಯ ಒಂದು ತುದಿಯಲ್ಲಿ ಗಾಜನ್ನು ನಿಲ್ಲಿಸಿದ್ದರು. ಇನ್ನೊಂದು ತುದಿಯಲ್ಲಿ ತಗಡಿನ ಡಬ್ಬಿಯೊಳಗೆ ಉರಿಯುವ ಚಿಮಣಿ ದೀಪ, ಡಬ್ಬಿಗೆ ಸೂಜಿಯಷ್ಟು ತೂತು, ಪಕ್ಕದಲ್ಲಿ ದಾಡಿ ಮಾಡುವ ಬ್ಲೇಡು. ತೂತಿನ ಬೆಳಕು ಗಾಜಿಗೆ ಬಡಿದು ಬ್ಲೇಡಿನ ಅಂಚಿಗೇ ತಿರುಗಿ ಬರುತ್ತದಂತೆ, ಅಲ್ಲಿಂದ ನೋಡಿದರೆ ಗಾಜಿನ ಕೂದಲೆಳೆಯ ಉಬ್ಬುತಗ್ಗೂ ನೆರಳಾಗಿ ಕಾಣುತ್ತದಂತೆ. ಬ್ಲೇಡಿನ ಅಂಚಿಗೆ ಕಣ್ಣಿಟ್ಟೆ. ಗಾಜು ಹುಣ್ಣಿಮೆಯ ಚಂದ್ರನಂತೆ ತುಂಬಿ ಕಂಡಿತು. ಆದರೆ ಆ ಚಂದ್ರ ಬಾವಿಯ ನೀರಿಗೆ ಬಿದ್ದವನಂತೆ ನಡುಗುತ್ತಿದ್ದ, ಅದೂ ನನ್ನ ಎಂಜಿನ್ನಿನ ತಾಳಕ್ಕೆ.

ಹೋಗಿ ಎಂಜಿನ್ ನಿಲ್ಲಿಸಿದೆ. ಪಾಳಿಯಲ್ಲಿದ್ದ ಮುದುಕಿ ಗಂಗವ್ವ ಬಿಡಲಿಲ್ಲ. "ಯಾಕೋ ಯಪ್ಪಾ, ನಮ್ಮನಿ ರೊಟ್ಟಿ ನೀ ಬಂದು ಬಡೀತೀ ಏನು?"

ಮತ್ತೆ ಬಂದು ನೋಡಿದರೆ ಚಂದ್ರ ಅಲುಗದೆ ನಿಂತಿದ್ದ. ಇಷ್ಟು ನಯ ಹೇಗೆ ಬಂತು? ನನ್ನ ಕೈ ಸುಮ್ಮನಿರಲಿಲ್ಲ. ನೆಟ್ಟಗೆ ಗಾಜಿನ ಹತ್ತಿರ ಹೋಗಿ, ಹಿಟ್ಟು ನೋಡುವ ಹಾಗೆ ಹೆಬ್ಬೆಟ್ಟು ಒತ್ತಿ ಹಿಡಿದೆ.

"ಅಯ್ಯಯ್ಯ! ಕೈ ತಗೀರಿ!"

ಓಡಿ ಬಂದು ಬ್ಲೇಡಿಗೆ ಕಣ್ಣಿಟ್ಟೆ. ನಾನು ಮುಟ್ಟಿದ ಜಾಗದಲ್ಲಿ ಒಂದು ಗುಡ್ಡ ಎದ್ದಿತ್ತು. ಒಂದು ಬದಿಗೆ ಬೆಳಕು, ಇನ್ನೊಂದು ಬದಿಗೆ ನೆರಳು. ಎರಡು ವರ್ಷದ ದುಡಿಮೆ, ನಾಳೆ ಊರು ಬಿಡುವ ಮನುಷ್ಯ.

"ಮಾಸ್ತರ, ಕೆಟ್ಟು ಹೋತೇನ್ರಿ?"

"ನಿಮ್ಮ ಕೈ ಬಿಸಿ ಅದ. ಆ ಬಿಸಿಗೆ ಗಾಜು ಉಬ್ಬೇದ. ತಣ್ಣಗಾದ್ರ ಇಳೀತದ."

"ಇಳೀಲಿಲ್ಲಂದ್ರ?"

"ಇಳೀಲಿಲ್ಲಂದ್ರ ನಿಮ್ಮ ಗಿರಣಿಗೇ ಹಾಕೂಣು. ಈಗ ಸುಮ್ನ ಕೂಡ್ರಿ."

ಕೂಡಲು ಆಗಲಿಲ್ಲ. ಎದ್ದರೆ ನೆಲ ಅಲುಗೀತು ಎಂಬ ಭಯ. ಆಚೆ ಗಂಗವ್ವನ ಬೈಗುಳ, ನೀಲವ್ವನ ಕೂಗು. ನಾನು ಗಳಿಗೆಗೊಮ್ಮೆ ಬಗ್ಗಿ ನೋಡುತ್ತಿದ್ದೆ. ಗುಡ್ಡ ದಿಬ್ಬವಾಯಿತು, ದಿಬ್ಬ ಗೀರಿನಂತಾಯಿತು. ಕೊನೆಗೆ ಮಾಸ್ತರರು ಬಹಳ ಹೊತ್ತು ಕಣ್ಣಿಟ್ಟು ನೋಡಿ, "ಹೋತು" ಎಂದರು. ನನ್ನ ಅಂಗಿ ಬೆವರಿನಿಂದ ಮೈಗೆ ಅಂಟಿತ್ತು.

ಅವರ ಪರೀಕ್ಷೆ ಮುಗಿಯುವವರೆಗೆ ನಾನು ಎಂಜಿನ್ನಿನ ಹ್ಯಾಂಡಲ್ ಮುಟ್ಟಲಿಲ್ಲ. ಅಂದು ಬೈಸಿಕೊಂಡಷ್ಟು ಜನ್ಮದಲ್ಲಿ ಬೈಸಿಕೊಂಡಿಲ್ಲ.

ಇತ್ತೀಚೆಗೆ ಪೇಪರಿನಲ್ಲಿ ಓದಿದೆ. ಆಕಾಶದ ಆಳದಿಂದ ಬರುವ ಗುರುತ್ವದ ಅಲೆಗಳ ನಡುಕವನ್ನು ಹಿಡಿಯಲು ಈಗ ಕನ್ನಡಿಗಳನ್ನು ತೂಗುಹಾಕಿ, ಅಲುಗದಂತೆ ಕಾಯುತ್ತಾರಂತೆ. ದೂರದಲ್ಲಿ ಲಾರಿ ಹೋದರೂ ಅವರಿಗೆ ತೊಂದರೆಯಂತೆ. ಓದಿ ಹೇಳಿದರೆ ಮನೆಯವರೆಲ್ಲ ನಂಬಲಾರದೆ ನಕ್ಕರು. ನಾನು ನಗಲಿಲ್ಲ. ಹೆಬ್ಬೆಟ್ಟು ನೋಡಿಕೊಂಡೆ. ಆ ಕನ್ನಡಿಗಳ ನೆರೆಯಲ್ಲೂ ಯಾವನೋ ಒಬ್ಬ ಗಿರಣಿಯವನು ಬೈಸಿಕೊಂಡು ಎಂಜಿನ್ ನಿಲ್ಲಿಸಿರಬೇಕು ಅನ್ನಿಸಿತು.