ಬೀರುವಿನ ಮುಂದೆ ಅತ್ತ ಟೀಚರಮ್ಮ

ಆಸ್ಟ್ರಿಡಾ ಚಿಲೆಶೆ ಸುಮ್ಮನೆ ಕೂರುವ ಜನ್ಮವೇ ಅಲ್ಲ. ಉತ್ತರದ ಕಸಾಮಾ ಕಡೆಯ ಬೆಂಬಾ ಕುಲದ ಹೆಂಗಸು, ಸೈಕಲ್ ರಿಪೇರಿಯವನ ಮಗಳು. ಸ್ಪ್ಯಾನರು ಹಿಡಿದು ಬೆಳೆದ ಕೈ, ಏನು ಕಂಡರೂ ಬಿಚ್ಚಿ ನೋಡಬೇಕು. ಅಂಥವಳನ್ನು ಸರ್ಕಾರ ತಂದು ಹಾಕಿದ್ದು ನಮ್ಮ ಪೂರ್ವ ಸೀಮೆಗೆ, ಚಿಪಾಟಾ ಪಟ್ಟಣದಿಂದ ಹೊರಟ ಮಿನಿಬಸ್ಸು ಇಳಿದ ಮೇಲೂ ಒಂದು ಗುಡ್ಡ ಹತ್ತಿ ಇಳಿಯಬೇಕಾದ ಚಿವಾಲೆ ಶಾಲೆಗೆ. ಸುತ್ತ ಎಲ್ಲಾ ನ್ಗೋನಿ ಕುಲದವರ ಮನೆಗಳೇ.

ಬೆಂಬಾ, ನ್ಗೋನಿ ಇಬ್ಬರೂ ಮುತ್ತಜ್ಜರ ಕಾಲದಲ್ಲಿ ಈಟಿ ಹಿಡಿದು ಕಾದಾಡಿದವರು. ಈಗ ಅತ್ತೆ ಮಕ್ಕಳು ಮಾವನ ಮಕ್ಕಳ ಲೆಕ್ಕ. ಎದುರಾದರೆ ಕಾಲೆಳೆಯಲೇಬೇಕು, ಬಾಯಿಗೆ ಬಂದದ್ದು ಅನ್ನಲೇಬೇಕು. ಬೆಂಬಾಗಳು ಮಂಗ ತಿನ್ನುವವರು, ನ್ಗೋನಿಗಳು ಇಲಿ ತಿನ್ನುವವರು ಅನ್ನುವುದು ಹಳೆಯ ಚುಡಾವಣೆ. ಅನ್ನಿಸಿಕೊಂಡವರು ಸಿಟ್ಟಾಗುವ ಹಾಗಿಲ್ಲ, ಸಿಟ್ಟಾದರೆ ಮರ್ಯಾದೆ ಹೋಗುವುದು ಅವರದ್ದೇ. ಅವಳು ಬಂದ ದಿನವೇ ಹೆಡ್‌ಮಾಸ್ಟರ್ ಶಾವಾ ಮುಖ ಗಂಟು ಹಾಕಿಕೊಂಡು, ಇಲ್ಲಿ ಮಂಗಗಳು ಕಮ್ಮಿ, ನಿನ್ನ ಊಟಕ್ಕೆ ಏನು ಗತಿಯಮ್ಮ ಅಂತ ಕೇಳಿದರು. ನೀವು ತಿಂದು ಮಿಕ್ಕಿದ ಇಲಿ ಇದ್ದರೆ ಕೊಡಿ ಭಾವ, ಹೊಂದಿಕೊಳ್ತೀನಿ ಅಂದಳು ಇವಳು. ಅವತ್ತಿನಿಂದ ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು.

ಅವಳಿಗೆ ಸಿಕ್ಕಿದ್ದು ಒಂದನೇ ಕ್ಲಾಸು. ಕೋಣೆ ತುಂಬಿ ಬಾಗಿಲಾಚೆಗೂ ಮಕ್ಕಳು. ಒಂದು ಪುಸ್ತಕಕ್ಕೆ ಐದಾರು ತಲೆ. ಹಿಂದೆ ಕೂತವು ಬರೀ ಮುಂದಿನವರ ಬೆನ್ನು ನೋಡಿಕೊಂಡೇ ಮೂರನೇ ಕ್ಲಾಸಿಗೆ ದಾಟಿಬಿಡುತ್ತಿದ್ದವು, ಸ್ವಂತ ಹೆಸರು ಓದಲು ಬಾರದೆ. ಇದು ಅವಳ ಹೊಟ್ಟೆ ಉರಿಸುತ್ತಿತ್ತು. ಆಗ ಚಿಪಾಟಾದ ಟೀಚರುಗಳ ಸಭೆಯಲ್ಲಿ ಒಂದು ಟ್ಯಾಬ್ಲೆಟ್ಟು ಕಂಡಳು. ಇಂಟರ್ನೆಟ್ಟು ಬೇಡ, ಬಿಸಿಲಿದ್ದರೆ ಚಾರ್ಜು. ಮಕ್ಕಳ ಚಿನ್ಯಾಂಜಾ ಭಾಷೆಯಲ್ಲೇ ಅಕ್ಷರ ಹೇಳುತ್ತದೆ, ಮಗು ಬೆರಳಲ್ಲಿ ತಿದ್ದುತ್ತದೆ, ತಪ್ಪಿದರೆ ಬೇಜಾರಿಲ್ಲದೆ ಇನ್ನೊಂದು ಸಲ ಹೇಳುತ್ತದೆ. ಬೇಜಾರಾಗದ ಟೀಚರು ಅಂದರೆ ಇದೇ ಅಂದುಕೊಂಡಳು.

ಆಮೇಲೆ ನೋಡಿ ಅವಳ ಹಟ. ಜಿಲ್ಲಾ ಕಚೇರಿಯವರು ಇವಳನ್ನು ಕಂಡರೆ ಹಿಂದಿನ ಬಾಗಿಲಿಂದ ಹೋಗುವಷ್ಟು ಸಲ ಅಲೆದಳು. ತಾಯಂದಿರನ್ನು ಹುರಿದುಂಬಿಸಿ ಇಟ್ಟಿಗೆ ಕೊಯ್ಯಿಸಿದಳು, ಒಂದು ಕೋಣೆ ಎದ್ದಿತು. ಚಿಟೆಂಗೆ ಬಟ್ಟೆಯನ್ನು ಸೊಂಟಕ್ಕೆ ಬಿಗಿದು ತಾನೇ ತಗಡಿನ ಮೇಲೆ ಹತ್ತಿ ಸೋಲಾರ್ ಹಲಗೆ ಕೂರಿಸಿದಳು. ಕೊನೆಗೊಂದು ದಿನ ಟ್ಯಾಬ್ಲೆಟ್ಟುಗಳ ಪೆಟ್ಟಿಗೆಗಳು ಬಂದವು. ಊರಿಗೆ ಊರೇ ಕುಣಿಯಿತು.

ಕುಣಿದದ್ದೇ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಶಾವಾ ಮೇಷ್ಟ್ರು ಒಂದೊಂದನ್ನೂ ಹೊಸ ಬಟ್ಟೆಯಲ್ಲಿ ಸುತ್ತಿ, ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಜಡಿದರು. ಕೆಟ್ಟ ಮನುಷ್ಯ ಅಲ್ಲ, ಪಾಪ. ಪ್ರತಿ ಶುಕ್ರವಾರ ಮಕ್ಕಳನ್ನೆಲ್ಲ ಮನೆಗೆ ಕಳಿಸಿ, ತಾವೇ ತೆಗೆದು ಧೂಳು ಒರೆಸಿ, ಚಾರ್ಜು ಮಾಡಿ, ಮತ್ತೆ ಸುತ್ತಿ ಇಡುತ್ತಿದ್ದರು. ಬಾಣಂತಿಗೂ ಅಷ್ಟು ಆರೈಕೆ ಸಿಗುವುದಿಲ್ಲ. ಹಿಂದೆ ಅವರಿದ್ದ ಶಾಲೆಯಲ್ಲಿ ಟೀವಿ ಕಳುವಾಗಿ, ಕದ್ದವನು ಸಿಗದೆ, ಇವರ ಹೆಸರು ಕೆಟ್ಟು, ಹುದ್ದೆ ಇಳಿಸಿ ಈ ಮೂಲೆಗೆ ಕಳಿಸಿದ್ದರು. ಹಾಲಿನಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆ ಊದುತ್ತಿದ್ದರು, ಅಷ್ಟೇ.

ಆಸ್ಟ್ರಿಡಾ ಗೋಗರೆದಳು, ಜಗಳ ಆಡಿದಳು, ಕಡಲೆಬೀಜದ ಪುಡಿ ಹಾಕಿದ ಸೊಪ್ಪಿನ ಪಲ್ಯ ಮಾಡಿ ಅವರ ಮನೆಗೂ ಕಳಿಸಿದಳು. ಪಲ್ಯ ಖಾಲಿಯಾಯಿತು, ಬೀಗ ತೆರೆಯಲಿಲ್ಲ. ಇನ್ನೂ ಚಿಕ್ಕವು, ಕೈ ಸ್ವಚ್ಛ ಇಲ್ಲ, ಮುಂದಿನ ವರ್ಷ ನೋಡೋಣ ಅನ್ನುತ್ತಿದ್ದರು ಮೇಷ್ಟ್ರು. ಅಷ್ಟರಲ್ಲಿ ಜಿಲ್ಲಾ ಅಧಿಕಾರಿ ಬಂದು ಕಡ್ಡಿ ಮುರಿದಂತೆ ಹೇಳಿ ಹೋದರು: ಎಷ್ಟು ಬಳಸಿದ್ದೀರಿ ಅನ್ನುವುದು ಆ ಯಂತ್ರದೊಳಗೇ ಇರುತ್ತದೆ, ಟರ್ಮ್ ಮುಗಿಯುವಾಗ ತೆರೆದು ನೋಡುತ್ತೇನೆ, ಬಳಸದೆ ಇಟ್ಟಿದ್ದರೆ ಎತ್ತಿಕೊಂಡು ಬೇರೆ ಶಾಲೆಗೆ ಕೊಡುತ್ತೇನೆ. ಇಷ್ಟು ವರ್ಷ ಓಡಾಡಿ ತಂದದ್ದು, ಒಂದು ಮಗುವಿನ ಬೆರಳೂ ಸೋಕದೆ ಗುಡ್ಡ ಹತ್ತಿ ವಾಪಸು ಹೋಗುವುದಿತ್ತು.

ಮಾತಿಗೆ ಬಗ್ಗದವರನ್ನು ಏನು ಮಾಡುವುದು? ಟರ್ಮಿನ ನಡುವೆ, ಬೀರು ಇದ್ದ ಕೋಣೆಯಲ್ಲೇ ತಂದೆತಾಯಿಯರ ಸಭೆ ಸೇರಿತು. ಎಲ್ಲರೂ ಬಂದು ಕೂತಾದ ಮೇಲೆ ಆಸ್ಟ್ರಿಡಾ ಬಂದಳು. ಮುಖಕ್ಕೆ ಜೋಳದ ಹಿಟ್ಟು ಬಳಿದುಕೊಂಡಿದ್ದಾಳೆ, ಗಂಡಸರ ಕೋಟು ಒಳಗಿನದು ಹೊರಗೆ ಮಾಡಿ ಹಾಕಿಕೊಂಡಿದ್ದಾಳೆ, ತಲೆಗೆ ಮುಸುಕು. ನೇರ ಹೋಗಿ ಬೀರುವನ್ನು ತಬ್ಬಿಕೊಂಡು ಕೂತು ರಾಗ ತೆಗೆದಳು.

"ಅಯ್ಯೋ ನನ್ನ ಕಂದಮ್ಮಗಳಿರಾ, ಬಂದ ದಿನವೇ ನಿಮ್ಮನ್ನ ಬಟ್ಟೆ ಸುತ್ತಿ ಮಣ್ಣು ಮಾಡಿಬಿಟ್ಟನಲ್ಲ ಈ ಇಲಿ ತಿನ್ನೋ ಭಾವ. ಬಾಯಿದ್ರೂ ಒಂದು ಅಕ್ಷರ ಆಡಲಿಲ್ಲವಲ್ಲ ನೀವು. ಶುಕ್ರವಾರ ಶುಕ್ರವಾರ ಗೋರಿ ಗುಡಿಸ್ತಾನಲ್ಲ, ಎಬ್ಬಿಸೋಕೆ ಅವನಿಗೆ ಮನಸ್ಸೇ ಬರಲ್ಲವಲ್ಲ."

ಒಂದು ಗಳಿಗೆ ಎಲ್ಲರೂ ಕಣ್ಣು ಕಣ್ಣು ಬಿಟ್ಟರು. ಆಮೇಲೆ ಹೊಳೆಯಿತು. ನಮ್ಮಲ್ಲಿ ಸಾವಿನ ಮನೆಗೆ ಬೆಂಬಾ ನೆಂಟರು ಬಂದರೆ ಹೀಗೇ. ಸತ್ತವನನ್ನೂ ಬಿಡುವುದಿಲ್ಲ, ಇದ್ದವರನ್ನೂ ಬಿಡುವುದಿಲ್ಲ. ಆಡಿಕೊಂಡು, ನಗಿಸಿ, ಹೆಣ ಎತ್ತುವುದಕ್ಕೆ ಅಡ್ಡ ಮಲಗುತ್ತಾರೆ. ಅವರು ಕೇಳಿದ್ದು ಕೊಟ್ಟು ಎಬ್ಬಿಸಬೇಕು. ಗದರಿಸುವ ಹಾಗಿಲ್ಲ. ಕೊಟ್ಟದ್ದನ್ನು ವಾಪಸು ಕೇಳುವ ಹಾಗೂ ಇಲ್ಲ.

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತ, ತಾವೂ ಮುಸುಕು ಎಳೆದುಕೊಂಡು ದನಿ ಕೂಡಿಸಿದರು. ಮೇಷ್ಟ್ರ ಮುಖ ಕೆಂಪಾಯಿತು. ಏಳಮ್ಮ, ಜಿಲ್ಲೆಯವರ ಕಿವಿಗೆ ಬಿದ್ದರೆ ನನ್ನ ಕಥೆ ಮುಗೀತು ಅಂತ ಪಿಸುಗುಟ್ಟಿದರು. ಅವಳು ಜಪ್ಪಯ್ಯ ಅಂದರೂ ಏಳಲಿಲ್ಲ. ಯಾರೋ ಒಂದು ಕೋಳಿ ಕೊಡ್ತೀನಿ ಅಂದರು. ಕೋಳಿ ಬೇಡ. ಎರಡು ಕೋಳಿ? ತಲೆ ಅಲ್ಲಾಡಿಸಿ ಇನ್ನೂ ಜೋರಾಗಿ ಅತ್ತಳು.

ಆಗ ಎದ್ದದ್ದು ಊರಿಗೆಲ್ಲ ಹಿರಿಯಳಾದ ತೆರೇಜಾ ಸೋಕೊ ಅಜ್ಜಿ. ನಗು ನಿಂತಿತು.

"ಶಾವಾ, ಅವಳಿಗೆ ಏನು ಬೇಕು ಅಂತ ನಿಂಗೂ ಗೊತ್ತು. ಬೀಗದ ಕೈ ಕೊಡು."

"ಒಡೆದ್ರೆ ಯಾರು ಹೊಣೆ ಅಜ್ಜಿ? ಕಳುವಾದ್ರೆ? ಒಂದು ಸಲ ಅನುಭವಿಸಿದೀನಿ ನಾನು."

"ಅವತ್ತು ನೀನೊಬ್ಬನೇ ಇದ್ದೆ. ಇದು ನೆಂಟರಿಗೆ ಊರು ಕೊಡೋ ಉಡುಗೊರೆ. ಹೋದ್ರೆ ಊರಿನ ತಲೆ ಮೇಲೆ ಹೋಗ್ಲಿ."

ಮೇಷ್ಟ್ರು ಕೂತವರ ಮುಖಗಳನ್ನು ಒಂದೊಂದಾಗಿ ನೋಡಿದರು. ಒಬ್ಬರೂ ಕಣ್ಣು ತಪ್ಪಿಸಲಿಲ್ಲ. ಕೊರಳಲ್ಲಿ ದಾರ ಕಟ್ಟಿ ಹಾಕಿಕೊಂಡಿದ್ದ ಬೀಗದ ಕೈ ತೆಗೆದು ಅವಳ ಹಿಟ್ಟಿನ ಅಂಗೈಗೆ ಇಟ್ಟರು. ನಿಜವಾಗಿ ಅಳು ಬಂದದ್ದು ಅವಳಿಗೆ ಆಗಲೇ.

ಮಾರನೇ ದಿನ ಹೊಸ ಕೋಣೆಯ ಬಾಗಿಲು ತೆರೆಯಿತು. ಬಾಗಿಲಲ್ಲೇ ಬಕೆಟ್ಟು, ಸೋಪು. ಕೈ ತೊಳೆದು ಒಳಗೆ. ಊರಿನ ಗಂಡಸರು ಸರದಿ ಹಾಕಿಕೊಂಡು ಕಾವಲಿಗೆ ಮಲಗಿದರು. ಗುಂಪು ಗುಂಪಾಗಿ ಮಕ್ಕಳು ಇಯರ್‌ಫೋನು ಕಿವಿಗೆ ಸಿಕ್ಕಿಸಿಕೊಂಡು ಕೂತರೆ, ಕೋಣೆ ತುಂಬ ಜೇನುಗೂಡಿನ ಗುಂಯ್ ಸದ್ದು. ಮೇಷ್ಟ್ರು ಮೊದಮೊದಲು ಕಿಟಕಿಯಾಚೆ ನಿಂತು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಒಂದು ದಿನ ಎಲಿನಾ ಅನ್ನುವ ಪುಟ್ಟ ಹುಡುಗಿಯ ಕೈಯಿಂದ ಟ್ಯಾಬ್ಲೆಟ್ಟು ಜಾರಿ, ಗಾಜು ಈ ಮೂಲೆಯಿಂದ ಆ ಮೂಲೆಗೆ ಸೀಳಿತು. ಹುಡುಗಿ ಬಿಳಿಚಿಕೊಂಡಳು. ಮೇಷ್ಟ್ರು ಒಳಗೆ ಬಂದರು, ಎತ್ತಿಕೊಂಡರು. ಅವರು ಅದನ್ನು ಕೋಟಿನ ಅಂಚಲ್ಲಿ ಒರೆಸಿ, ಹೊತ್ತಿಸಿ ನೋಡಿ, ಒಡೆದ ಕಡೆ ಅಂಟು ಟೇಪು ಹಚ್ಚಿ ಹುಡುಗಿಯ ತೊಡೆ ಮೇಲಿಟ್ಟರು. ಅರ್ಧಕ್ಕೆ ಬಿಟ್ಟಿದ್ದನ್ನು ಮುಗಿಸು ಅಂದರು, ಅಷ್ಟೇ.

ಟರ್ಮ್ ಮುಗಿಯುವಾಗ ಅಧಿಕಾರಿ ಬಂದರು. ಒಂದೊಂದನ್ನೇ ತೆರೆದು ನೋಡುತ್ತ ಹೋದವರ ಕೈಗೆ ಆ ಸೀಳಿದ್ದೇ ಬಂತು. ಹುಬ್ಬು ಗಂಟಿಕ್ಕಿ, ಇದೇನು, ಯಾರು ಮಾಡಿದ್ದು ಅಂತ ಕೇಳಿದರು. ಆಸ್ಟ್ರಿಡಾ ಬಾಯಿ ತೆರೆಯುವಷ್ಟರಲ್ಲಿ ಶಾವಾ ಮೇಷ್ಟ್ರು ಎದೆ ಸೆಟೆಸಿಕೊಂಡು ಮುಂದೆ ಬಂದರು.

"ನಮ್ಮ ಮಕ್ಕಳು ಸಾರ್. ಓದ್ತಾ ಓದ್ತಾ ಒಡೆದಿದ್ದು."