ಕರಿಕಾಲಿನ ಮುಸಿಯ

ಕೋಲಸಿರ್ಸಿಯ ಚೌಡಮ್ಮ ನಲವತ್ತು ವರ್ಷದಿಂದ ಬಾಳೆತೋಟಕ್ಕೆ ನುಗ್ಗುವ ಕಪ್ಪು ಮೋರೆಯ ಕೋತಿಗಳನ್ನು, ಮುಸಿಯಗಳನ್ನು, ಓಡಿಸುತ್ತಲೇ ಇದ್ದಾಳೆ. ಮೊದಲು ಬಂದ ಸಂಶೋಧಕರು, ದೇಶದ ಮುಸಿಯಗಳೆಲ್ಲ ಒಂದೇ ಜಾತಿ ಎಂದು ಒಂದೇ ಹೆಸರಿಟ್ಟರು.

"ಎಂತ ಒಂದೇ? ಕಾಶಿಗೆ ಹೋಗೋ ದಾರೀಲಿ ನಾ ಕಂಡಿದ್ದೆ. ಅವು ಬಾಲ ಮುಂದಕ್ಕೆ ಬಗ್ಗಿಸ್ತವೆ, ಇವು ಹಿಂದಕ್ಕೆ. ಇವಕ್ಕೆ ಕೈಕಾಲೂ ಕರಿ," ಎಂದಳು ಚೌಡಮ್ಮ.

ಅವರು ನಕ್ಕು, ಅವಳು ಕೊಟ್ಟ ಚಾ ಕುಡಿದು ಹೋದರು. ಆಮೇಲೆ ಬಂದವರು ಬೇರೆ ಹೆಸರಿಟ್ಟರು. ಮೂರನೆಯವರು ಅದನ್ನೂ ಹೊಡೆದುಹಾಕಿ, ಚೌಡಮ್ಮನ ಮಾತನ್ನೆಲ್ಲ ಬರೆದುಕೊಂಡು, ಕರಿಕಾಲಿನದೇ ಬೇರೆ ಜಾತಿ ಎಂದು ಹೊಸ ಹೆಸರಿಟ್ಟು, ಪುಸ್ತಕ ಮಾಡಿ ಊರಿಗೆ ಕಳಿಸಿದರು. ಮೊಮ್ಮಗಳು ಸೌಮ್ಯ ಓದಿ ಹೇಳಿದಳು.

"ಇದನ್ನ ಹೇಳಿದ್ದು ಯಾರಂತೆ?"

"'ಸ್ಥಳೀಯ ಹೆಂಗಸು' ಅಂತ ಬರ್ದಿದಾರೆ, ಅಜ್ಜಿ."

ಚೌಡಮ್ಮ ಕವಣೆ ಹಿಡಿದು ಎದ್ದಳು. "ಮುಸಿಯಕ್ಕೆ ಮೂರು ಸಲ ಹೆಸರಿಟ್ರು. ನನ್ನ ಹೆಸರು ಒಂದು ಸಲಾನೂ ಕೇಳಲಿಲ್ಲ!"