ಅತ್ತೆಯ ಬಿ.ಪಿ.

ಕುಟುಂಬ ಯೋಜನೆಯ ಸಮೀಕ್ಷೆಗೆಂದು ನಾನು ಕಟಕೋಳಕ್ಕೆ ಹೋದಾಗ ಜೊತೆಗಿದ್ದವಳು ಅಲ್ಲಿಯ ಆಶಾ ಕಾರ್ಯಕರ್ತೆ. ಅತ್ತೆ ಎದುರಿಗಿದ್ದರೆ ಯಾವ ಸೊಸೆಯೂ ಬಾಯಿ ಬಿಡುವುದಿಲ್ಲ. ಅದಕ್ಕೇ ಅವಳು ಹೊಸ್ತಿಲಲ್ಲೇ ಕೂಗುತ್ತಿದ್ದಳು: "ಅತ್ತಿಯಾರ, ಹೊರಗ ಬರ್ರಿ, ಬಿ.ಪಿ. ನೋಡತೇನಿ." ಕಟ್ಟೆಯ ಮೇಲೆ ತೋಳಿಗೆ ಪಟ್ಟಿ ಸುತ್ತಿ, ನನ್ನ ಪ್ರಶ್ನೆಗಳು ಮುಗಿಯುವವರೆಗೂ ಪಂಪು ಒತ್ತುತ್ತ ಕೂರುತ್ತಿದ್ದಳು. ಆ ಪಟ್ಟಿಗೆ ಸಿಗದ ಅತ್ತೆಯೇ ಇರಲಿಲ್ಲ.

ಒಂದು ಮನೆಯಲ್ಲಿ ಸೊಸೆ ಪಿಸುಗುಟ್ಟಿದಳು: "ಕಾಪರ್-ಟಿ ಹಾಕಿಸ್ಕೋಬೇಕ್ರಿ ಅಕ್ಕಾರ. ನಮ್ಮನಿಯಾರಿಗೆ ಗೊತ್ತಾದ್ರ ತವರಮನಿಗೆ ಅಟ್ಟತಾರ."

ಅಷ್ಟರಲ್ಲಿ ಗಂಡನ ಬೈಕು ಬಾಗಿಲಿಗೆ ಬಂತು. ಸೊಸೆ ನನ್ನ ಕೈ ಹಿಡಿದಳು. ಹೊರಗೆ ಪಂಪಿನ ಸದ್ದೂ ನಿಂತಿತು.

ಅತ್ತೆಯ ದನಿ ಮಗನನ್ನು ತಡೆಯಿತು: "ಒಳಗ ಹೋಗಬ್ಯಾಡ, ಇಲ್ಲೇ ಕುಂಡ್ರು. ನನ್ನ ಬಿ.ಪಿ. ಭಾಳ ಏರೇತಿ."

ಆಮೇಲೆ ಆಶಾಗೆ ಹೇಳಿದಳು: "ಈ ಕೈಯಾಗೂ ನೋಡವಾ. ಗಡಿಬಿಡಿ ಬ್ಯಾಡ, ಸಾವಕಾಶ ನೋಡು."